ಅಳಿಸಿದ ಐದನೇ ಸಾಲು

2024ರ ಡಿಸೆಂಬರ್ 30, ಸೋಮವಾರ. ಎಳ್ಳಮಾವಾಸ್ಯೆಯಂದು ಪೈರಿಗೆ ನೈವೇದ್ಯದ ಚರಗ ಚೆಲ್ಲಲು ಶಿಗ್ಗಾಂವದ ಅರ್ಧ ಊರು ಹೊಲಗಳಿಗೆ ಹೋಗಿತ್ತು. ಮಧ್ಯಾಹ್ನ 3 ಗಂಟೆ 20 ನಿಮಿಷಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕೈಯಲ್ಲಿ ಇನ್ನೂ ಬುತ್ತಿಯ ಗಂಟಿತ್ತು. ಅವಳ ಸೀರೆ ಮೊಣಕಾಲಿನಿಂದ ಕೆಳಗೆ ರಕ್ತದಲ್ಲಿ ನೆನೆದಿತ್ತು. ಹೆಡ್ ಕಾನ್‌ಸ್ಟೇಬಲ್ ಪರಮೇಶಪ್ಪ ಕುರ್ಚಿ ಸರಿಸಿಕೊಟ್ಟರೂ ಅವಳು ಕೂರಲಿಲ್ಲ.

"ನಮ್ಮನಿಯವರನ್ನ ಹೊಡದ ಹಾಕ್ಯಾರ್ರಿ," ಅಂದಳು.

ಒಳಕೋಣೆಯಿಂದ ಇನ್‌ಸ್ಪೆಕ್ಟರ್ ಸಂಘಮಿತ್ರಾ ಎದ್ದು ಬಂದರು. ಶಿಗ್ಗಾಂವಕ್ಕೆ ವರ್ಗವಾಗಿ ಬಂದು ಎಂಟು ತಿಂಗಳಾಗಿದ್ದ ಅವರು ಹಾನಗಲ್ ತಾಲೂಕಿನ ಒಕ್ಕಲುತನದ ಮನೆಯವರು. ಹೆಂಗಸಿನ ರಟ್ಟೆ ಹಿಡಿದು ತಾವೇ ಕೂರಿಸಿದರು.

"ನಿಮ್ಮ ಹೆಸರೇನವ್ವಾ? ಎಲ್ಲಿ ಆಗಿದ್ದು?"

"ಮಂಜವ್ವ ಅಂತರಿ. ಸರ್ವಿಸ್ ರೋಡಿನಾಗ ನೀಲಪ್ಪನ ಗ್ಯಾರೇಜ್ ಐತೆಲ್ರಿ, ಅಲ್ಲೇ. ನಾ ತಡಸದ ತವರುಮನಿ ಹೊಲಕ್ಕ ಹೋಗಿದ್ನಿ. ಅವರಿಗೂ ಬಾ ಅಂದ್ನಿ. ಗಾಡಿ ಒಂದ ಮುಗಸೂದೈತಿ, ನೀ ಹೋಗು ಅಂದ್ರು. ಮೊದಲಾದ್ರ ರೊಟ್ಟಿ ಮಾರೂ ಹೊಳೆವ್ವ ದಿನಾ ತಂದ ಕೊಡ್ತಿದ್ಳು. ಆಕಿ ಗಾಡಿಗೆ ಸಿಕ್ಕು ಸತ್ತಾಗಿಂದ ನಾನ ಬುತ್ತಿ ಒಯ್ತೇನಿ. ಈಗ ಒಯ್ದ್ನಿ…" ಅವಳು ಬುತ್ತಿಯ ಗಂಟನ್ನು ಮೇಜಿನ ಮೇಲಿಟ್ಟಳು.

3 ಗಂಟೆ 45 ನಿಮಿಷಕ್ಕೆ ಸಂಘಮಿತ್ರಾ, ಪರಮೇಶಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ಶ್ವೇತಾ ಸ್ಥಳ ತಲುಪಿದರು. ಆ ಸಾಲಿನ ಅಂಗಡಿಗಳೆಲ್ಲ ಅಮಾವಾಸ್ಯೆಗೆ ಮುಚ್ಚಿದ್ದವು. ನೀಲಪ್ಪನ ಗ್ಯಾರೇಜಿನ ಎರಡು ಶಟರುಗಳಲ್ಲಿ ಒಂದು ಕೆಳಗಿಳಿದಿತ್ತು, ಇನ್ನೊಂದು ತೆರೆದಿತ್ತು. ಒಳಗೆ ಕಾಲಿಡುವ ಮೊದಲೇ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು.

ನೀಲಪ್ಪ ಒಂದು ಹಳೆಯ ಬಿಳಿ ಕಾರಿನ ಪಕ್ಕದಲ್ಲಿ ಬೋರಲಾಗಿ ಬಿದ್ದಿದ್ದ. ವಯಸ್ಸು ಐವತ್ತಾರು. ತಲೆಯ ಹಿಂಭಾಗ ಒಡೆದು ಒಳಗೆ ಕುಸಿದಿತ್ತು. ಮೊದಲ ಏಟು ಬಿದ್ದಾಗ ಅವನು ನಿಂತಿದ್ದ. ಅದರ ರಕ್ತ ಬಾನೆಟ್ಟಿನ ಒಳಬದಿಗೆ ಸಿಡಿದಿತ್ತು. ಬಿದ್ದ ಮೇಲೆಯೂ ಹೊಡೆದಿದ್ದರು. ತಲೆಗೆ ಅಡ್ಡ ಹಿಡಿದಿದ್ದ ಬಲಗೈಯ ಮೂರು ಬೆರಳುಗಳು ಹಿಂದಕ್ಕೆ ಮುರಿದು ತಿರುಗಿದ್ದವು. ಟಾಯರ್ ಬಿಚ್ಚುವ ಎರಡಡಿಯ ಟಾಮಿ ರಾಡು ಕಾರಿನ ಮುಂದಿನ ಚಕ್ರಕ್ಕೆ ಒರಗಿ ಬಿದ್ದಿತ್ತು. ಅದರ ತುದಿಗೆ ಕೂದಲು ಅಂಟಿತ್ತು. ನೆಲದ ಮೇಲೆ ರಕ್ತವೂ ಪೆಟ್ರೋಲೂ ಬೆರೆತು ಹರಿದಿದ್ದವು.

ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಾರಿನ ಬಾನೆಟ್ಟು ತೆರೆದಿತ್ತು. ಎಂಜಿನ್ನಿಗೆ ಜೋಡಿಸಿದ್ದ, ಪೆಟ್ರೋಲಿನ ಒತ್ತಡ ಅಳೆಯುವ ಪ್ರೆಶರ್ ಮೀಟರಿನ ಹೋಸು ಕಿತ್ತು ಬಂದು ನೇತಾಡುತ್ತಿತ್ತು. ಕೆಳಗಿಳಿದಿದ್ದ ಶಟರಿನ ಒಳಮೈ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆದಿತ್ತು.

ಚಾಲೂ ಮಾಡಿ — 5.5
ಗಾಳಿ ಹೋಸು ತೆಗೆದು — 5.5
ಹೋಸು ಒಣ
ರಿಟರ್ನ್ ಬಿಚ್ಚಿ ಡಬ್ಬಿಗೆ — 2.8

ಅದರ ಕೆಳಗೆ ಇನ್ನೊಂದು ಸಾಲು ಇದ್ದ ಗುರುತಿತ್ತು. ಯಾರೋ ಒದ್ದೆ ಬಟ್ಟೆಯಿಂದ ಉಜ್ಜಿ ಅಳಿಸಿದ್ದರು. ಶ್ವೇತಾ ಅದರ ನಾಲ್ಕು ಫೋಟೋ ತೆಗೆದಳು. ಮೃತನ ಜೇಬಿನಲ್ಲಿ ಮೊಬೈಲು, ಪಾಕೀಟು ಎರಡೂ ಇದ್ದವು. ಕಳವಿನ ಲಕ್ಷಣವಿರಲಿಲ್ಲ.

ಅಪರಾಧ ಸಂಖ್ಯೆ 312/2024, ಭಾರತೀಯ ನ್ಯಾಯ ಸಂಹಿತೆ ಕಲಂ 103(1). ಸಂಜೆ 5 ಗಂಟೆ 10 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹೇಳಿಕೆ ಕೊಡುವಾಗ ಮಂಜವ್ವ ಒಂದು ಹೆಸರು ಹೇಳಿದ್ದಳು.

"ಸವಣೂರಿನ ಹಾಲೇಶರಿ. ನಮ್ಮವರ ಕೈಯಾಗ ಕೆಲಸ ಕಲ್ತಾಂವ. ಮೊನ್ನೆ ಶನಿವಾರ ಈ ಮೀಟರಿನ ಸಲುವಾಗಿ ಇಬ್ಬರಿಗೂ ಜಗಳ ಆಗೇತಿ. ನಿನ್ನ ತಲಿ ಒಡೀತೇನಿ ಅಂತ ರಸ್ತೇದಾಗ ನಿಂತು ಒದರ್‍ಯಾನಂತ."

ಮರುದಿನ ಬೆಳಿಗ್ಗೆ 8 ಗಂಟೆಗೆ ಪರಮೇಶಪ್ಪ ಹಾಲೇಶನನ್ನು ಸವಣೂರಿನಿಂದ ಕರೆತಂದ. ನಲವತ್ತರ ಗಟ್ಟಿ ಆಳು. ಸುದ್ದಿ ಅವನಿಗೆ ಮುಟ್ಟಿತ್ತು. ಕಣ್ಣು ಊದಿಕೊಂಡಿದ್ದವು.

"ತಲಿ ಒಡೀತೇನಿ ಅಂದಿದ್ದಿ?" ಸಂಘಮಿತ್ರಾ ಕೇಳಿದರು.

"ಅಂದಿದ್ನಿರಿ."

"ಯಾಕ?"

"ಆ ಪ್ರೆಶರ್ ಮೀಟರು ಇಬ್ಬರೂ ಕೂಡಿ ತಂದಿದ್ದು. ಆರು ತಿಂಗಳಿಂದ ನನ್ನ ಹಂತ್ಯಾಕ ಇತ್ತು. ಶನಿವಾರ ಬಂದು ಹೇಳದ ಕೇಳದ ಎತ್ತಿಕೊಂಡ ಹೊಂಟ. ಸಿಟ್ಟಿಗೆ ಬಾಯಿಗೆ ಬಂದಂಗ ಅಂದ್ನಿ."

"ನಿನ್ನೆ ಮಧ್ಯಾಹ್ನ ಎಲ್ಲಿದ್ದಿ?"

"ಹಿರೇಕೆರೂರ ಕಡಿ ನಮ್ಮ ಮಾವನ ಹೊಲದಾಗರಿ. ಮೂವತ್ತು ಮಂದಿ ಇದ್ವಿ."

ಪರಮೇಶಪ್ಪನ ಕೈ ಮೇಲೆದ್ದಿತು. "ಖರೇ ಹೇಳಲೇ!"

"ಕೈ ಇಳಸು," ಅಂದರು ಸಂಘಮಿತ್ರಾ. "ಫೋನ್ ತಗೊಂಡು ನೋಡು."

ಫೋನಿನಲ್ಲಿ 12 ಗಂಟೆ 10 ನಿಮಿಷದಿಂದ 3 ಗಂಟೆಯವರೆಗಿನ ಹದಿನೇಳು ಫೋಟೋಗಳಿದ್ದವು. ಬಹುತೇಕ ಎಲ್ಲದರಲ್ಲೂ ಹಾಲೇಶನಿದ್ದ. ಹಿರೇಕೆರೂರಿನ ಪೊಲೀಸರು ಹೊಲಕ್ಕೇ ಹೋಗಿ ವಿಚಾರಿಸಿ, ಹತ್ತೂವರೆಯ ಹೊತ್ತಿಗೆ ಫೋನಿನಲ್ಲಿ ಖಚಿತಪಡಿಸಿದರು.

ಅಷ್ಟರಲ್ಲಿ ವೈದ್ಯರ ಮೌಖಿಕ ಅಭಿಪ್ರಾಯ ಬಂದಿತ್ತು. ಸಾವು ಮಧ್ಯಾಹ್ನ ಒಂದರಿಂದ ಎರಡರ ನಡುವೆ. ತಲೆಗೆ ಐದು ಏಟು. ಕೊನೆಯ ಮೂರು, ಪ್ರಾಣ ಹೋಗುತ್ತಿದ್ದಾಗ ಅಥವಾ ಹೋದ ಮೇಲೆ ಬಿದ್ದವು.

ಸಂಘಮಿತ್ರಾ ಶಟರಿನ ಫೋಟೋವನ್ನು ಹಾಲೇಶನ ಮುಂದಿಟ್ಟರು.

"ಇದನ್ನ ಓದಿ ಹೇಳು. ನನಗ ತಿಳಿಯೂ ಹಂಗ."

ಹಾಲೇಶ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಗುರುವಿನ ಅಕ್ಷರವನ್ನು ಎರಡು ಸಲ ಓದಿದ. ನೀರು ಕುಡಿದು ಹೇಳತೊಡಗಿದ.

"ಕಾರು ಕರೀ ಹೊಗಿ ಉಗುಳತೈತಿ, ಪೆಟ್ರೋಲ್ ವಾಸ್ನಿ ಬರತೈತಿ ಅಂತ ಬಂದಿರಬೇಕ್ರಿ. ಹಿಂದ ಟ್ಯಾಂಕಿನಾಗ ಪಂಪು ಇರತೈತಿ, ಅದು ಪೆಟ್ರೋಲ್ ಮುಂದ ದಬ್ಬತೈತಿ. ಎಂಜಿನ್ನಿಗೆ ಬೇಕಾದಷ್ಟು ಹೋಗಿ ಉಳಿದದ್ದು ಇನ್ನೊಂದು ಸಣ್ಣ ಪೈಪಿನಾಗ ಹೊಳ್ಳಿ ಟ್ಯಾಂಕಿಗೆ ಬರಬೇಕು. ಎರಡೂವರೆಯಿಂದ ಮೂರರತನಕ ಪ್ರೆಶರ್ ಇದ್ರ ಸರಿ. ಇಲ್ಲಿ ಐದೂವರೆ ಐತಿ. ಅಂದ್ರ ಎಲ್ಲೋ ದಾರಿ ಕಟ್ಟೇತಿ."

"ಎರಡನೇ ಸಾಲು?"

"ಪ್ರೆಶರ್ ಕಾಯೂದು ಒಂದು ಡಬ್ಬಿ ಐತ್ರಿ, ರೆಗ್ಯುಲೇಟರ್. ಒಳಗ ರಬ್ಬರಿನ ಪಡದೆ. ಅದು ಹರದಿದ್ರ ಅದಕ್ಕ ಹಚ್ಚಿದ ಗಾಳಿ ಹೋಸಿನಾಗ ಪೆಟ್ರೋಲ್ ಬಂದಿರತೈತಿ. ಹೋಸು ಒಣ ಅಂತ ಬರದಾನ. ಪಡದೆ ಹರದಿಲ್ಲ. ಆಮ್ಯಾಲೆ ರಿಟರ್ನ್ ಪೈಪು ಮುಂದನ ಬಿಚ್ಚಿ, ಪೆಟ್ರೋಲನ್ನ ಒಂದು ಖಾಲಿ ಡಬ್ಬಿಗೆ ಬಿಟ್ಟಾನ. ಆಗ ಎರಡು ಪಾಯಿಂಟ್ ಎಂಟಕ್ಕ ಇಳದೈತಿ. ಅಂದ್ರ ರೆಗ್ಯುಲೇಟರ್ ಛಲೋ ಐತಿ. ಅಲ್ಲಿಂದ ಟ್ಯಾಂಕಿನತನಕ ಹೋಗೂ ಪೈಪಿನಾಗ ತಕರಾರು."

"ಹಂಗಾದ್ರ ಐದನೇ ಸಾಲಿನಾಗ ಏನಿರಬೇಕು?"

"ಪೈಪು ಎಲ್ಲಿ ಕಟ್ಟೇತಿ, ಯಾಕ ಕಟ್ಟೇತಿ ಅನ್ನೂದು. ಅದಕ್ಕ ಕಾರಿನ ಕೆಳಗ ಹೋಗಿ ನೋಡಬೇಕ್ರಿ." ಹಾಲೇಶ ಫೋಟೋವನ್ನು ಹಿಗ್ಗಿಸಿದ. "ಅಂವಾ ತಾ ಬರದದ್ದನ್ನ ಅಳಸಾಂವಲ್ರಿ. ಮಾಲಕರಿಗೆ ತೋರಸಾಕ ಇಡ್ತಿದ್ದ."

"ಹೋಸು ಯಾಕ ಕಿತ್ತೈತಿ?"

"ಹೊಡದಾಟದಾಗ ಕೈ ಸಿಕ್ಕಿರಬೇಕು. ಎಂಜಿನ್ ಬಂದ್ ಆದ್ರೂ ಲೈನಿನಾಗ ಪ್ರೆಶರ್ ಕುಂತಿರತೈತಿ. ಕಿತ್ತರ ಪಿಚಕಾರಿ ಹೊಡದಂಗ ಮಾರಿಗೆ ಬಡೀತೈತಿ. ಹೊಡದಾಂವಗ ಕಣ್ಣು ತಗಿಯಾಕ ಆಗಿರೂದಿಲ್ರಿ."

ಸಂಘಮಿತ್ರಾ ಅದನ್ನು ಪರಮೇಶಪ್ಪನಿಂದ ಬರೆಸಿಕೊಂಡರು. ಅಳಿಸಿದ ಸಾಲಿನಲ್ಲಿ ಯಾರಿಗೋ ಆಗದ ಮಾತಿತ್ತು. ಆ ಮಾತು ಕಾರಿನದ್ದಾದರೆ, ಮೊದಲು ಕಾರಿನವರನ್ನು ಕೇಳಬೇಕಿತ್ತು.

ಕಾರು 1999ರ ನೋಂದಣಿಯದು. ಮಾಲೀಕರು ಶಿಗ್ಗಾಂವದ ನಿವೃತ್ತ ಸಂಸ್ಕೃತ ಮಾಸ್ತರು ನರಸಿಂಹ, ಎಪ್ಪತ್ತೆರಡು ವರ್ಷ. ಮಧ್ಯಾಹ್ನ ಕರೆ ಹೋದ ಹತ್ತೇ ನಿಮಿಷಕ್ಕೆ ಅವರು ನಡೆದೇ ಠಾಣೆಗೆ ಬಂದರು. ನೀಲಪ್ಪನ ಮಾತು ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಇಪ್ಪತ್ತೈದು ವರ್ಷದಿಂದ ಆ ಕಾರಿಗೆ ನೀಲಪ್ಪನ ಕೈ ಬಿಟ್ಟು ಬ್ಯಾರೆ ಕೈ ತಾಗಿಲ್ಲ, ನೋಡ್ರಿ."

"ಗ್ಯಾರೇಜಿಗೆ ಯಾರು ಬಿಟ್ಟಿದ್ರಿ ಸರ?"

"ನಾನ. ಇಪ್ಪತ್ತೇಳಕ್ಕ. ಎರಡು ವಾರದಿಂದ ಹೊದಿಕೆ ಹಾಕಿ ನಿಲ್ಲಿಸಿತ್ತು. ಗುಡಿಗೆ ಹೋಗಬೇಕು ಅಂತ ತಗದೆ. ಹಿಂದ ನೋಡಿದ್ರ ಕರೀ ಹೊಗಿ. ಅಲ್ಲಿಂದಲೇ ನೀಲಪ್ಪನ ಕಡೆ ಹೋದೆ."

"ಮನ್ಯಾಗ ಮತ್ತ ಯಾರು ಓಡಸ್ತಾರ?"

"ನನ್ನ ಮಗ ಪವನ, ವಕೀಲ. ಅವಾಗ ಬೆಂಗಳೂರಾಗಿದ್ದ." ಮಾಸ್ತರರ ಮುಖ ಅರಳಿತು. "ಸಿವಿಲ್ ಜಡ್ಜ್ ಪರೀಕ್ಷಾ ಪಾಸಾಗ್ಯಾನ್ರಿ. ಮೊನ್ನೆ ಇಪ್ಪತ್ತನಾಲ್ಕಕ್ಕ ಲಿಸ್ಟ್ ಬಂತು. ಐದನೇ ಸಲ. ಕಾಗದ ಪತ್ರ ತೋರಸಾಕ ಹೋಗಿದ್ದ."

"ಕಾರು ಗ್ಯಾರೇಜಿನಾಗ ಐತಿ ಅಂತ ಕೇಳಿ ಏನಂದ್ರು?"

"ಸಿಟ್ಟಾದ. ಹಳೇ ಗಾಡಿಗೆ ಯಾಕ ಬಡಕೋತೀರಿ, ಮಾರಿಬಿಡೂಣು ಅಂದ."

2025ರ ಜನವರಿ 1ರಂದು ನೀಲಪ್ಪನ ಫೋನಿನ ಕರೆ ವಿವರ ಕೈಸೇರಿತು. ಡಿಸೆಂಬರ್ 29 ಮತ್ತು 30ರಂದು ಪವನನ ಸಂಖ್ಯೆಯೊಡನೆ ಏಳು ಕರೆಗಳಾಗಿದ್ದವು. ಅದಕ್ಕೂ ಹಿಂದಿನ ಆರು ತಿಂಗಳಲ್ಲಿ ಒಂದೂ ಇರಲಿಲ್ಲ. ಕೊನೆಯದು 30ರ ಮಧ್ಯಾಹ್ನ 12 ಗಂಟೆ 41 ನಿಮಿಷಕ್ಕೆ, ಅದೂ ನೀಲಪ್ಪನೇ ಮಾಡಿದ ಕರೆ.

ಪವನ ಠಾಣೆಗೆ ಬಂದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಮೂವತ್ಮೂರು ವರ್ಷ, ಮೆಲುದನಿ.

"ಕಾರು ತಯಾರಾತೇನು ಅಂತ ಕೇಳಾಕ ಮಾಡಿದ್ದೆ ಮೇಡಂ. ಅಮಾವಾಸ್ಯೆ ದಿನ ಬಂದ್ ಇರತೈತಿ ಅಂತ ಹೋಗಲಿಲ್ಲ."

"ಆ ದಿನ ಮಧ್ಯಾಹ್ನ ಎಲ್ಲಿದ್ರಿ?"

"ಹಾನಗಲ್‌ನಾಗ. ರಹಿಮಾಬಿ ಅಂತ ನನ್ನ ಕಕ್ಷಿದಾರರ ಮನಿಯೊಳಗ. ಒಂದಕ್ಕ ಹೋಗಿ ನಾಲ್ಕೂವರೆತನಕ ಇದ್ದೆ. ಕೇಳಬಹುದು."

ಸಂಘಮಿತ್ರಾ ಕೇಳಲು ತಾವೇ ಹೋದರು. ರಹಿಮಾಬಿ ಹಾನಗಲ್ಲಿನ ಪೇಟೆಯ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅರವತ್ತರ ಹೆಂಗಸು. ಮನೆ ಜಾಗದ ವ್ಯಾಜ್ಯದಲ್ಲಿ ಪವನ ಅವಳ ವಕೀಲ.

"ವಕೀಲ ಸಾಹೇಬರು ಬಂದಿದ್ರು ಬೇಟಿ. ಅಸರ್ ನಮಾಜಿನ ಮುಂಚೆ, ಮೂರೂವರೆ ಆಗಿತ್ತು."

"ಒಂದು ಗಂಟೆಗೆ ಅಲ್ಲಾ?"

"ಅಲ್ಲ. ಒಂದಕ್ಕ ಬರ್ತೇನಿ ಅಂದಿದ್ರು, ನಾ ಕಾದು ಕಾದು ಉಂಡ್ನಿ. ನಿನ್ನೆ ಫೋನ್ ಮಾಡಿ, ಯಾರರ ಕೇಳಿದ್ರ ಒಂದಕ್ಕ ಬಂದಿದ್ರು ಅಂತ ಹೇಳು ಅಂದ್ರು." ಅವಳು ಹೊಲಿಗೆ ಯಂತ್ರದಿಂದ ಕೈ ತೆಗೆದಳು. "ನನಗ ಸುಳ್ಳ ಹೇಳಾಕ ಬರೂದಿಲ್ಲ. ಅವರ ಕಣ್ಣು ಮೆಣಸಿನಕಾಯಿ ಬಿದ್ದಂಗ ಕೆಂಪಾಗಿದ್ವು. ತಲಿ ಹಸಿ ಇತ್ತು. ಆದ್ರೂ ಮೈಯಾಗಿಂದ ಪೆಟ್ರೋಲ್ ವಾಸ್ನಿ ಬರಾಕತ್ತಿತ್ತು. ಸ್ಕೂಟರಿನ ಪೆಟ್ರೋಲ್ ಚೆಲ್ಲೇತಿ ಅಂದ್ರು."

ಹೇಳಿಕೆ ದಾಖಲಾಯಿತು. ಜೀಪಿನಲ್ಲಿ ಪರಮೇಶಪ್ಪ ಕೇಳಿದ: "ಈಗಲೇ ಎತ್ತೂಣಲ್ರಿ ಮೇಡಂ?"

"ಯಾಕ ಹೊಡದಾ ಅಂತ ಗೊತ್ತಿಲ್ಲ. ಜಡ್ಜ್ ಆಗಾಂವಾ ಹೊಗಿ ಬಿಡೂ ಕಾರಿನ ಸಲುವಾಗಿ ಕೊಲಿ ಮಾಡ್ಯಾನ ಅಂದ್ರ ಯಾರು ನಂಬತಾರ? ನೀಲಪ್ಪ ಬರದ ಸಾಲು ಮೊದಲ ನಾವು ಓದಬೇಕು."

ಜನವರಿ 2, ಗುರುವಾರ, ಬೆಳಿಗ್ಗೆ 10 ಗಂಟೆ 30 ನಿಮಿಷ. ಮೊಹರು ಮಾಡಿದ್ದ ಗ್ಯಾರೇಜನ್ನು ಪಂಚರ ಎದುರು ತೆರೆಯಲಾಯಿತು. ಕಾರನ್ನು ಪರೀಕ್ಷಿಸಲು ಹಾಲೇಶ ಬಂದಿದ್ದ. ಪರೀಕ್ಷೆಯ ಕಾಲಕ್ಕೆ ಹಾಜರಿರಬೇಕೆಂದು ಮಾಲೀಕರಿಗೆ ನೋಟಿಸು ಹೋಗಿತ್ತು. ತಂದೆಯ ಪರವಾಗಿ ಪವನ ಬಂದ. ಸಂಘಮಿತ್ರಾ ಅದನ್ನೇ ಬಯಸಿದ್ದರು. ತಮ್ಮ ಆ ನಿರ್ಧಾರಕ್ಕೆ ಬೇರೊಬ್ಬ ಬೆಲೆ ತೆರಬೇಕಾಗುತ್ತದೆಂದು ಆಗ ಅವರಿಗೆ ಹೊಳೆದಿರಲಿಲ್ಲ.

ಹಾಲೇಶ ಶಟರಿನ ಸಾಲುಗಳನ್ನು ನೋಡಿಕೊಂಡು, ಗುರು ಮಾಡಿದ್ದನ್ನೇ ಮೊದಲಿನಿಂದ ಮಾಡಿದ. ಕಿತ್ತ ಹೋಸನ್ನು ಕತ್ತರಿಸಿ ಮತ್ತೆ ಜೋಡಿಸಿದ. ಎಂಜಿನ್ ಚಾಲೂ ಮಾಡಿದಾಗ ಕಪ್ಪು ಹೊಗೆ ಗ್ಯಾರೇಜು ತುಂಬಿತು. ಮೀಟರಿನ ಮುಳ್ಳು ಐದೂವರೆಗೆ ಏರಿ ನಿಂತಿತು. ಗಾಳಿ ಹೋಸು ತೆಗೆದಾಗ ಮುಳ್ಳು ಅಲುಗಲಿಲ್ಲ. ಹೋಸಿನೊಳಗೆ ಬಿಳಿ ಹತ್ತಿಯ ಎಳೆ ತೂರಿಸಿ ತೆಗೆದು ತೋರಿಸಿದ. ಒಣಗಿತ್ತು. ರಿಟರ್ನ್ ಪೈಪನ್ನು ಎಂಜಿನ್ನಿನ ಬಳಿ ಬಿಚ್ಚಿ ಡಬ್ಬಿಗೆ ಬಿಟ್ಟ. ಮುಳ್ಳು ಎರಡು ಪಾಯಿಂಟ್ ಎಂಟಕ್ಕೆ ಕುಸಿಯಿತು. ಹೊಗೆ ತೆಳುವಾಯಿತು.

"ಹಳೇ ಗಾಡಿ, ಪೈಪಿನಾಗ ಕಸ ಕಟ್ಟಿರತೈತಿ," ಅಂದ ಪವನ. "ಇದಕ್ಕೂ ಕೊಲಿಗೂ ಏನು ಸಂಬಂಧ ಮೇಡಂ? ಈ ಪರೀಕ್ಷಾ ಕೋರ್ಟಿನಾಗ ನಿಲ್ಲೂದಿಲ್ಲ."

"ನಿಲ್ಲಲಿಲ್ಲಂದ್ರ ನಿಮಗ ಛಲೋ ಆತಲ್ಲ. ನೋಡ್ರಿ."

ಹಾಲೇಶ ಬಿಚ್ಚಿದ ಪೈಪಿನ ಬಾಯಿಗೆ ಗಾಳಿಯ ಪಂಪು ಹಚ್ಚಿದ. ಹಿಂದೆ ಟ್ಯಾಂಕಿನ ಬಳಿ ಪೈಪು ಬಿಚ್ಚಿ ಪರಮೇಶಪ್ಪ ಬೆರಳು ಹಿಡಿದಿದ್ದ. "ಏನೂ ಬರವಲ್ದು," ಅಂದ. ಹಾಲೇಶ ಕಾರಿನ ಹಿಂಭಾಗಕ್ಕೆ ಟ್ರಾಲಿ ಜಾಕ್ ಕೊಟ್ಟು ಎತ್ತಿದ. ಜಾಕನ್ನೊಂದೇ ನಂಬಬಾರದೆಂದು ನೀಲಪ್ಪ ಕಲಿಸಿದ್ದ. ಕಾರಿನ ಬಾಗಿಲಿನ ಕೆಳಗೆ ಒಂದು ಹಳೆಯ ಚಕ್ರ ಮಲಗಿಸಿಟ್ಟು, ಟಾರ್ಚು ಹಿಡಿದು ಒಳಗೆ ಸರಿದ.

ಒಂದು ನಿಮಿಷ ಕಾರಿನಡಿ ಟಾರ್ಚಿನ ಬೆಳಕು ಆಡಿತು. ಆಮೇಲೆ ಕೆಳಗಿನಿಂದ ಅವನ ದನಿ ಬಂತು.

"ಪೈಪು ಚಪ್ಪಟಿ ಆಗೈತ್ರಿ. ಕಲ್ಲು ಬಡದದ್ದಲ್ಲ ಇದು… ಬೋಗುಣಿ ಅಂಚಿನಂಥಾದು ಸಿಕ್ಕೊಂಡೈತಿ. ಅಲ್ಯೂಮಿನಿಯಂದು. ಅದರಾಗ ಅರಬಿ ಚೂರು ಐತಿ. ಕೆಂಪು… ಇಳಕಲ್ ಸೀರಿ ದಡಿರಿ. ಕೂದಲಾ ಅದಾವ. ಮೇಡಂರೀ, ಹೊಳೆವ್ವ—"

ಪವನ ಎರಡು ಹೆಜ್ಜೆ ಹಾರಿ ಜಾಕಿನ ಹಿಡಿಕೆ ತಿರುವಿಬಿಟ್ಟ.

ಕಾರು ಒಮ್ಮೆಗೇ ಕುಸಿಯಿತು. ಹಾಲೇಶನ ಚೀರಾಟ ಅರ್ಧಕ್ಕೇ ನಿಂತಿತು. ಪಂಚರಿಬ್ಬರೂ ಪರಮೇಶಪ್ಪನೂ ಕಾರಿನ ಅಂಚಿಗೆ ಕೈ ಹಾಕಿ ಎತ್ತತೊಡಗಿದರು. ಪವನ ರಸ್ತೆಯತ್ತ ಓಡಿದ. ಬಾಗಿಲಲ್ಲಿದ್ದ ಶ್ವೇತಾ ಅವನ ಕಾಲಿಗೆ ಲಾಠಿ ಕೊಟ್ಟಳು. ಬಿದ್ದವನು ಕೈಗೆ ಸಿಕ್ಕ, ನಟ್ಟು ಬಿಚ್ಚುವ ದೊಡ್ಡ ಪಾನಾ ಎತ್ತಿ ಬೀಸಿದ. ಅವಳ ಮುಂಗೈ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿತು. ಎರಡನೇ ಏಟು ಅವಳ ತಲೆಗೆ ಬೀಳುವುದರಲ್ಲಿತ್ತು. ಸಂಘಮಿತ್ರಾ ಹಿಂದಿನಿಂದ ಅವನ ಕತ್ತು ಹಿಡಿದು ನೆಲಕ್ಕೆ ಕೆಡವಿದರು. ಅವನ ಮುಖ ಕಾಂಕ್ರೀಟಿಗೆ ಬಡಿದು ಹಲ್ಲು ಮುರಿಯಿತು. ಬೆನ್ನ ಮೇಲೆ ಮೊಣಕಾಲೂರಿ ಕೈಗಳನ್ನು ಹಿಂದಕ್ಕೆ ತಿರುಚಿ ಬೇಡಿ ತೊಡಿಸಿದರು. ಸಮಯ 11 ಗಂಟೆ 52 ನಿಮಿಷ.

ಹಾಲೇಶ ಬದುಕಿದ್ದ. ಕಾರಿನ ಭಾರವನ್ನು ಆ ಹಳೆಯ ಚಕ್ರ ಹೊತ್ತಿತ್ತು. ಆದರೂ ಎಡಭುಜದ ಎಲುಬು ಮತ್ತು ಎರಡು ಪಕ್ಕೆಲುಬು ಮುರಿದಿದ್ದವು. ಬಾಯಲ್ಲಿ ರಕ್ತ ಬರುತ್ತಿತ್ತು. ಅವನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಸಂಘಮಿತ್ರಾ ಅವನ ಕೈ ಹಿಡಿದು, "ತಪ್ಪು ನಂದೈತಿ ಹಾಲೇಶ," ಅಂದರು. ಅವನಿಗೆ ಕೇಳಿತೋ ಇಲ್ಲವೋ ತಿಳಿಯಲಿಲ್ಲ.

ಪರಮೇಶಪ್ಪ ಠಾಣೆಗೆ ಹೋಗಿ ಡಿಸೆಂಬರ್ 9ರ ಕಡತ ತಂದ. ಆ ದಿನದ ಪಂಚನಾಮೆ ಬರೆದವನು ಅವನೇ. ಗೊಟಗೋಡಿ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಬೆಳಿಗ್ಗೆ 7 ಗಂಟೆಗೆ ಹೊಳೆವ್ವ ಎಂಬ ಐವತ್ತೆಂಟರ ಹೆಂಗಸಿನ ಶವ ಸಿಕ್ಕಿತ್ತು. ಹೆದ್ದಾರಿ ಬದಿಯ ಗ್ಯಾರೇಜುಗಳಿಗೆ ರೊಟ್ಟಿ ಪಲ್ಲೆ ಮಾರುತ್ತಿದ್ದವಳು. ನೂರಾನಲವತ್ತು ಅಡಿ ಎಳೆದೊಯ್ದ ಗುರುತಿತ್ತು. ಪಲ್ಲೆಯ ಅಲ್ಯೂಮಿನಿಯಂ ಬೋಗುಣಿ ಜಜ್ಜಿಹೋಗಿತ್ತು, ಅದರ ಅಂಚಿನ ಗೇಣುದ್ದದ ತುಂಡು ಸಿಕ್ಕಿರಲಿಲ್ಲ. ವಾಹನ ಪತ್ತೆಯಾಗಿರಲಿಲ್ಲ. ಕಾರಿನಡಿ ಸಿಕ್ಕ ತುಂಡನ್ನು ಬೋಗುಣಿಗೆ ಹೊಂದಿಸಿ ನೋಡಿದಾಗ ಮುರಿದ ಅಂಚುಗಳು ಕೂಡಿದವು. ಎರಡನ್ನೂ ಕೂದಲಿನ ಜೊತೆ ಹುಬ್ಬಳ್ಳಿಯ ಪ್ರಯೋಗಾಲಯಕ್ಕೆ ಕಳಿಸಲಾಯಿತು. ಪವನನ ಮನೆಯ ಹಿತ್ತಲಿನ ಬಚ್ಚಲ ಒಲೆಯಲ್ಲಿ ಅರ್ಧ ಸುಟ್ಟ ಅಂಗಿಯೊಂದು ಸಿಕ್ಕಿತು. ಹುಬ್ಬಳ್ಳಿ ರೈಲು ನಿಲ್ದಾಣದ ವಾಹನ ನಿಲುಗಡೆಯ ದಾಖಲೆಯಲ್ಲಿ ಡಿಸೆಂಬರ್ 9ರ ಬೆಳಿಗ್ಗೆ 6 ಗಂಟೆ 44 ನಿಮಿಷಕ್ಕೆ ಕಾರಿನ ಸಂಖ್ಯೆ ಬರೆದಿತ್ತು.

ಸಂಜೆ ನರಸಿಂಹ ಮಾಸ್ತರರು ಠಾಣೆಯ ಬೆಂಚಿನ ಮೇಲೆ ಕುಳಿತಿದ್ದರು. ಮಗನನ್ನು ನೋಡಬೇಕೆಂದು ಕೇಳಲಿಲ್ಲ. ಸಂಘಮಿತ್ರಾ ಹಾದುಹೋಗುವಾಗ ಎದ್ದು ನಿಂತರು.

"ಕಾರು ಗ್ಯಾರೇಜಿಗೆ ಬಿಟ್ಟಾಂವ ನಾನ. ಬಿಡದ ಇದ್ದಿದ್ರ ನೀಲಪ್ಪ ಇರ್ತಿದ್ದ, ಹೌದಲ್ರಿ?"

ಸಂಘಮಿತ್ರಾ ಅವರ ರಟ್ಟೆ ಹಿಡಿದರು. "ಮನಿಗೆ ನಡೀರಿ ಸರ, ಜೀಪು ಕಳಸ್ತೇನಿ," ಅಂದರು.

ಪವನನ ತುಟಿಗೆ ಹೊಲಿಗೆ ಹಾಕಿದ್ದರು. ಮೊದಲ ಒಂದು ಗಂಟೆ ಅವನು ಕಾನೂನಿನ ಕಲಮುಗಳನ್ನಷ್ಟೇ ಹೇಳಿದ. ಬೋಗುಣಿಯ ತುಂಡಿನ ಫೋಟೋ ಮೇಜಿನ ಮೇಲಿಟ್ಟ ಮೇಲೆ ಕಲಮು ಹೇಳುವುದನ್ನು ಬಿಟ್ಟ.

"ನೀಲಪ್ಪ ಏನಂದ?" ಸಂಘಮಿತ್ರಾ ಕೇಳಿದರು.

"ಬಾ ಅಂತ ತಾನ ಫೋನ್ ಮಾಡಿದ. ಹೋದೆ. ಕೈಯಾಗ ಸೀರಿ ಚೂರು ಹಿಡಕೊಂಡು ನಿಂತಿದ್ದ. ಹತ್ತು ವರ್ಷ ಆಕಿ ಕೈ ರೊಟ್ಟಿ ಉಂಡೇನಿ, ಈ ದಡಿ ನನಗ ಗೊತ್ತಿಲ್ಲೇನು ಅಂದ."

"ಮತ್ತ?"

"ಒಂದು ದಿನ ಕೊಡ್ತೇನಿ, ನೀವ ಠಾಣೆಗೆ ಹೋಗಿ ಹೇಳ್ರಿ, ಮಾಸ್ತರ ಮಗ ಅಂತ ಕೊಡಾಕತ್ತೇನಿ ಅಂದ. ಹೋಗಲಿಲ್ಲಂದ್ರ ನಾಳೆ ನಾ ಹೋಗ್ತೇನಿ ಅಂದು ಬಗ್ಗಿ ಹೋಸು ಬಿಚ್ಚಾಕ ಹೋದ. ಅವಾಗ ಹೊಡದೆ."

"ಐದನೇ ಸಾಲಿನಾಗ ಏನು ಬರದಿದ್ದ?"

"'ಕೆಳಗೆ ಹೊಳೆವ್ವ' ಅಂತ."

"ಒಂದ ಏಟಿಗೆ ಬಿದ್ದಾಂವಗ ಮತ್ತ ನಾಕು ಯಾಕ ಹೊಡದಿ?"

"ಪೆಟ್ರೋಲ್ ಕಣ್ಣಿಗೆ ಬಡೀತು. ಏನೂ ಕಾಣಸಲಿಲ್ಲ. ಅಂವಾ ನರಳಾಕತ್ತಿದ್ದ. ಸಪ್ಪಳ ನಿಲ್ಲೂತನಕ ಹೊಡದೆ."

ಪರಮೇಶಪ್ಪ ಬರೆದುಕೊಳ್ಳುತ್ತಿದ್ದ. ಹೊರಗೆ ಹೆದ್ದಾರಿಯ ಬಸ್ಸುಗಳ ಹಾರ್ನು ಕೇಳುತ್ತಿತ್ತು.

"ಹೊಳೆವ್ವನ್ನ ಹಾಯಿಸಿದ ಮೇಲೆ ನಿಲ್ಲಿಸಿದ್ದಿ?"

"ಹಾಯಿಸಿದ ಮೇಲೆ ಅಲ್ಲ, ಎಳಕೊಂಡು ಹೋದ ಮೇಲೆ. ನಸುಕಿತ್ತು, ಮಂಜಿತ್ತು. ಕೆಳಗ ಏನೋ ಕರ ಕರ ಅನ್ನಾಕತ್ತು. ಇಳದು ನೋಡಿದೆ. ಆಕಿ ಕಾರಿನ ಕೆಳಗ ಸಿಕ್ಕೊಂಡಿದ್ಳು. ಜೀವ ಇತ್ತು."

"ಆಮ್ಯಾಲೆ?"

"ಕಾರು ಹಿಂದ ಮುಂದ ಮಾಡಿ ಬಿಡಿಸಿದೆ. ಎರಡು ಸಲ."

ಹೊಳೆವ್ವನ ಪ್ರಕರಣ ಇನ್ನು ಅಪಘಾತವಾಗಿ ಉಳಿಯುವುದಿಲ್ಲವೆಂದು ಸಂಘಮಿತ್ರಾ, ಪರಮೇಶಪ್ಪ ಇಬ್ಬರಿಗೂ ಗೊತ್ತಾಯಿತು. ವಕೀಲನಾದ ಪವನನಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

"ಮರುದಿನ ಸಂದರ್ಶನ ಇತ್ತು," ಅಂದ, ಯಾರೂ ಕೇಳದಿದ್ದರೂ. "ಹನ್ನೊಂದು ವರ್ಷ ಓದೇನಿ ಮೇಡಂ. ನಾಲ್ಕು ಸಲ ಒಂದೆರಡು ಮಾರ್ಕಿಗೆ ತಪ್ಪಿತ್ತು. ಓಣಿಯಾಗ ನಮ್ಮಪ್ಪ ಎಲ್ಲರಿಗೂ, ಈ ಸಲ ನನ್ನ ಮಗ ಜಡ್ಜ್ ಅಂತ ಹೇಳಿಬಿಟ್ಟಿದ್ರು. ಮೂವತ್ತೈದಕ್ಕ ವಯಸ್ಸು ಮುಗೀತೈತಿ."

"ಹೊಳೆವ್ವ ಏನರ ಮಾತಾಡಿದ್ಳೇನು?"

"ನೀರು ಕೇಳಿದ್ಳು."

"ಕಾರಿನಾಗ ನೀರಿತ್ತೇನು?"

"ಇತ್ತು."

"ಯಾಕ ಕೊಡಲಿಲ್ಲ?"

ಪವನ ಸಾಕ್ಷಿಕಟ್ಟೆಯಲ್ಲಿ ನಿಂತವನಂತೆ ಸ್ಪಷ್ಟವಾಗಿ ಹೇಳಿದ.

"ಕೊಟ್ಟಿದ್ರ ಆಕಿನ್ನ ಬಿಟ್ಟು ಹೋಗಾಕ ನನ್ನ ಕೈಲಿ ಆಗ್ತಿದ್ದಿಲ್ಲ. ರೈಲು ಏಳಕ್ಕಿತ್ತು."

ಪರಮೇಶಪ್ಪನ ಪೆನ್ನು ಕಾಗದದ ಮೇಲೆ ನಿಂತುಹೋಯಿತು. ಸಂಘಮಿತ್ರಾ ಅವನ ಕಡೆ ನೋಡದೆ ಅಂದರು:

"ಬರಕೋ."